ಹಲ್ಲಿನ ಲೆಕ್ಕ

ಕಟ್ಟುಹಲ್ಲಿನ ಬೆಲೆಗಾಗಿ ಮಂತ್ರಿಯೊಬ್ಬರು ಪದವಿಯನ್ನೇ ತ್ಯಜಿಸಿದರೆಂದರೆ ಓದುಗರು ನಗಬಹುದು. ಆದರೆ ಇದು ನಡೆದ ಸಂಗತಿ. 1948ರ ಜುಲೈ ತಿಂಗಳಲ್ಲಿ ಬ್ರಿಟನ್ ದೇಶವು ತನ್ನ ಪ್ರಜೆಗಳಿಗೆಲ್ಲ ಉಚಿತ ವೈದ್ಯಸೇವೆಯನ್ನು ಆರಂಭಿಸಿದಾಗ ದಂತಚಿಕಿತ್ಸೆಯೂ ಅದರಲ್ಲಿ ಸೇರಿತ್ತು. ಹುಳುಕು ಹಲ್ಲುಗಳೊಡನೆ ವರ್ಷಗಟ್ಟಲೆ ದಿನ ನೂಕಿದ್ದ ಜನ ದಂತವೈದ್ಯರ ಬಾಗಿಲಿಗೆ ಮುಗಿಬಿದ್ದರು. ಅಂದಾಜು ಮಾಡಿದ್ದ ಹಣ ಯಾವ ಮೂಲೆಗೂ ಸಾಲದಾಯಿತು. 1951ರ ಮುಂಗಡಪತ್ರದಲ್ಲಿ ಅರ್ಥಮಂತ್ರಿ ಹ್ಯೂ ಗೈಟ್ಸ್‌ಕೆಲ್ ಅವರು ಕಟ್ಟುಹಲ್ಲು ಮತ್ತು ಕನ್ನಡಕಗಳ ವೆಚ್ಚದಲ್ಲಿ ಅರ್ಧವನ್ನು ರೋಗಿಯೇ ಭರಿಸತಕ್ಕದ್ದೆಂದರು. ಆ ಸೇವೆಯನ್ನು ಕಟ್ಟಿ ನಿಲ್ಲಿಸಿದ್ದ ಅನ್ಯೂರಿನ್ ಬೆವನ್ ಅವರು ಇದನ್ನು ಒಪ್ಪದೆ ಮಂತ್ರಿಮಂಡಲದಿಂದ ಹೊರಬಿದ್ದರು. ಮುಂದೆ ಪ್ರಧಾನಿಯಾದ ಹೆರಾಲ್ಡ್ ವಿಲ್ಸನ್ ಅವರೂ ಜೊತೆಯಲ್ಲೇ ರಾಜೀನಾಮೆಯಿತ್ತರು. ಮರುವರ್ಷ, ಸರ್ಕಾರ ಬದಲಾದ ಮೇಲೆ, ಸಾಮಾನ್ಯ ದಂತಚಿಕಿತ್ಸೆಗೂ ಒಂದು ಪೌಂಡಿನ ಶುಲ್ಕ ಬಿದ್ದಿತು.

ಒಂದು ರಾಷ್ಟ್ರದ ಬೊಕ್ಕಸಕ್ಕೇ ಭಾರವಾದ ಈ ವೆಚ್ಚವನ್ನು ತಿಂಗಳ ಸಂಬಳದ ಗೃಹಸ್ಥನು ಹೇಗೆ ತಾಳಿಯಾನು? ಭಾರತದಲ್ಲಿ ಅದು ಬಹುಮಟ್ಟಿಗೆ ಅವನ ಜೇಬಿನ ಮೇಲೆಯೇ ಬೀಳುತ್ತದೆ. ಸಾಮಾನ್ಯ ಆರೋಗ್ಯವಿಮೆಗಳು ಅಪಘಾತದ ಪೆಟ್ಟೊಂದನ್ನುಳಿದು ಹಲ್ಲಿನ ಚಿಕಿತ್ಸೆಯನ್ನು ಹೊರಗಿಡುವುದೇ ಹೆಚ್ಚು. ಆದ್ದರಿಂದ ‘ಮುಂದಿನ ತಿಂಗಳು ನೋಡೋಣ’ ಎಂಬ ಮಾತು ಮನೆಮನೆಯಲ್ಲೂ ಕೇಳಿಬರುತ್ತದೆ. ಹಲ್ಲಿನ ವಿಷಯದಲ್ಲಿ ಇಷ್ಟು ದುಬಾರಿಯಾದ ಮಾತು ಮತ್ತೊಂದಿಲ್ಲ.

ಹಲ್ಲಿನ ಹೊರಕವಚಕ್ಕೆ ನರವಿಲ್ಲ. ಅಲ್ಲಿ ಹುಳುಕು ತೊಡಗಿದಾಗ ನೋವೆಂಬುದೇ ಇರುವುದಿಲ್ಲ. ಆಗ ಕಂಡುಹಿಡಿದರೆ ಒಂದೇ ಭೇಟಿಯಲ್ಲಿ ಕೊರೆದು ತುಂಬಿಬಿಡಬಹುದು. ಖರ್ಚು ಸಾಮಾನ್ಯವಾಗಿ ಒಂದೆರಡು ಸಾವಿರ ರೂಪಾಯಿ ದಾಟದು. ತಣ್ಣೀರು ತಗುಲಿದಾಗ ಜುಮ್ಮೆನ್ನುವ ವೇಳೆಗೆ ಕುಳಿ ಆಳವಾಗಿರುತ್ತದೆ. ರಾತ್ರಿ ನಿದ್ದೆಗೆಡಿಸುವ ನೋವು ಬಂದಿತೆಂದರೆ ಹಲ್ಲಿನ ಒಡಲೊಳಗಿನ ನರಕ್ಕೇ ಸೋಂಕು ಮುಟ್ಟಿತೆಂದು ತಿಳಿಯಬೇಕು. ಆಗ ಬೇರಿನ ನಾಳವನ್ನು ಶುಚಿಮಾಡಿ ತುಂಬುವ ರೂಟ್ ಕೆನಾಲ್, ಅದರ ಮೇಲೊಂದು ಕ್ಯಾಪ್. ಎರಡಕ್ಕೂ ಬೇರೆಬೇರೆಯಾಗಿ ಹಲವು ಸಾವಿರ ತೆರಬೇಕು.

ಈ ಘಟ್ಟದಲ್ಲಿಯೇ ಮನೆಯವರು ಮೋಸಹೋಗುವುದು. ಲವಂಗದೆಣ್ಣೆಯ ಹತ್ತಿಯನ್ನಿಟ್ಟು, ಮಾತ್ರೆ ನುಂಗಿ ನಾಲ್ಕು ದಿನ ಕಳೆದರೆ ನೋವು ಒಮ್ಮೊಮ್ಮೆ ತಾನೇ ನಿಂತುಬಿಡುತ್ತದೆ. ಲವಂಗಕ್ಕೆ ನೋವು ಮರಗಟ್ಟಿಸುವ ಗುಣವಿರುವುದು ನಿಜ. ದಂತವೈದ್ಯರೂ ಅದರ ಸತ್ವವನ್ನು ಬಳಸುವುದುಂಟು. ಆದರೆ ಹೀಗೆ ನಿಂತ ನೋವು ಅನೇಕ ವೇಳೆ ವಾಸಿಯಾದುದರ ಗುರುತಲ್ಲ, ನರ ಸತ್ತುದರ ಗುರುತು. ಸೋಂಕು ಸದ್ದಿಲ್ಲದೆ ಬೇರಿನ ತುದಿಗೆ ಇಳಿದು, ಕೆಲವು ತಿಂಗಳ ಬಳಿಕ ಕೆನ್ನೆಯ ಬಾವಾಗಿ ಹೊರಬೀಳುತ್ತದೆ.

ಕೀಳಿಸಿಬಿಟ್ಟರೆ ಅಗ್ಗವಲ್ಲವೇ ಎಂಬ ಪ್ರಶ್ನೆ ಸಹಜ. ಇಕ್ಕಟ್ಟಿನಲ್ಲಿ ಓರೆಯಾಗಿ ಹುಟ್ಟಿ ಪದೇ ಪದೇ ಬಾಧಿಸುವ ಬುದ್ಧಿಹಲ್ಲನ್ನು ಕೀಳಿಸುವುದು ಸರಿಯೇ. ಅಗಿಯುವ ದವಡೆಹಲ್ಲಿನ ಮಾತು ಬೇರೆ. ಅದು ಹೋದ ತೆರವಿಗೆ ಅಕ್ಕಪಕ್ಕದವು ವಾಲುತ್ತವೆ, ಎದುರು ದವಡೆಯ ಹಲ್ಲು ಆಸರೆ ತಪ್ಪಿ ಉದ್ದಕ್ಕೆ ಸರಿಯುತ್ತದೆ. ತೆರವನ್ನು ಸೇತುವೆಯಂತೆ ಕಟ್ಟಿಸಲು ಎರಡು ಒಳ್ಳೆಯ ಹಲ್ಲುಗಳನ್ನು ಅರೆಯಬೇಕಾಗುತ್ತದೆ. ಟೈಟಾನಿಯಂ ಲೋಹದ ಮೊಳೆಯನ್ನು ದವಡೆಯ ಎಲುಬಿಗೇ ಕೂರಿಸಿ ಹಲ್ಲು ನಿಲ್ಲಿಸುವ ವಿಧಾನ ಇನ್ನೂ ಉತ್ತಮ. ಒಂದೊಂದು ಹಲ್ಲಿಗೂ ಹತ್ತಾರು ಸಾವಿರ. ಮಗಳ ಹಲ್ಲಿಗೆ ತಂತಿ ಕಟ್ಟಿಸಲು ಕಷ್ಟಪಟ್ಟು ಹಣ ಹೊಂದಿಸಿದ ತಾಯಿಯೇ ತನ್ನ ಸರದಿ ಬಂದಾಗ ‘ನನ್ನದೇನು, ಕಿತ್ತುಬಿಡಿ’ ಎಂದುಬಿಡುತ್ತಾಳೆ. ನಲವತ್ತರ ಪ್ರಾಯದಲ್ಲಿ ಹೀಗೆ ಉಳಿಸಿದ ಹಣವನ್ನು ಆಕೆ ಅರವತ್ತರಲ್ಲಿ ಊಟದ ತಟ್ಟೆಯ ಮುಂದೆ ತೀರಿಸುತ್ತಾಳೆ.

ಈ ಲೋಹದ ಮೊಳೆಯ ವಿಧಾನವನ್ನು ಸ್ವೀಡನ್ನಿನ ಬ್ರೋನೆಮಾರ್ಕ್ ಎಂಬ ಸಂಶೋಧಕರು 1965ರಲ್ಲಿ ಮೊದಲಬಾರಿಗೆ ರೋಗಿಯೊಬ್ಬರ ಮೇಲೆ ಪ್ರಯೋಗಿಸಿದರು. ಅತಿ ದುಬಾರಿಯಾದ ಪರಿಹಾರವನ್ನು ಕೊಟ್ಟ ಅದೇ ದೇಶವು ಅತಿ ಅಗ್ಗವಾದುದನ್ನೂ ತೋರಿಸಿಕೊಟ್ಟಿದೆ. ಅಲ್ಲಿನ ಕಾರ್ಲ್‌ಸ್ಟಾಡ್ ಪಟ್ಟಣದಲ್ಲಿ 1972ರಲ್ಲಿ ಕೆಲವು ನೂರು ಮಂದಿ ವಯಸ್ಕರಿಗೆ ಹಲ್ಲುಜ್ಜುವ, ಸಂದುಗಳನ್ನು ಶುಚಿಮಾಡುವ ಕ್ರಮವನ್ನು ಕಲಿಸಿ, ನಿಯತವಾಗಿ ಬರಮಾಡಿಕೊಂಡು ಪರೀಕ್ಷಿಸುತ್ತ ಬಂದರು. ಮೂವತ್ತು ವರ್ಷಗಳ ಅನಂತರ, ಕೊನೆಯವರೆಗೂ ಉಳಿದವರನ್ನು ನೋಡಿದಾಗ, ಅತ್ಯಂತ ಹಿರಿಯರ ಗುಂಪಿನಲ್ಲಿಯೂ ತಲೆಗೆ ಸರಾಸರಿ ಎರಡು ಹಲ್ಲು ಸಹ ಹೋಗಿರಲಿಲ್ಲ! ವಯಸ್ಸಾದರೆ ಹಲ್ಲು ಬೀಳಲೇಬೇಕೆಂಬ ನಂಬಿಕೆಗೆ ಇದಕ್ಕಿಂತ ಉತ್ತರ ಬೇಕೇ?

ಸಕ್ಕರೆಯ ಸಂಗತಿಯೂ ಅಲ್ಲಿಂದಲೇ ಬಂದದ್ದು, ಆದರೆ ಅದರ ಕಥೆ ಅಷ್ಟು ಶುಭ್ರವಲ್ಲ. 1940ರ ದಶಕದಲ್ಲಿ ಲುಂಡ್ ನಗರದ ವಿಪೆಹೋಮ್ ಎಂಬ ಆಶ್ರಯಧಾಮದ ಬುದ್ಧಿಮಾಂದ್ಯ ನಿವಾಸಿಗಳಿಗೆ, ಅವರ ಒಪ್ಪಿಗೆಯ ಮಾತೇ ಇಲ್ಲದೆ, ಅಂಟು ಮಿಠಾಯಿ ತಿನ್ನಿಸಿ ಹಲ್ಲು ಕೆಡುವುದನ್ನು ಅಳೆದರು. ನಿರ್ದಯವಾದ ಆ ಪ್ರಯೋಗದಿಂದ ತಿಳಿದುದಿಷ್ಟು: ಊಟದೊಡನೆ ತಿಂದ ಸಿಹಿ ಮಾಡುವ ಹಾನಿ ಅಲ್ಪ, ಊಟಗಳ ನಡುವೆ ಮತ್ತೆ ಮತ್ತೆ ತಿಂದು ಹಲ್ಲಿಗೆ ಅಂಟಿಕೊಂಡ ಸಿಹಿಯ ಹಾನಿ ಬಹಳ. ಹಬ್ಬದೂಟದ ಎರಡು ಹೋಳಿಗೆಗಿಂತ, ದಿನಕ್ಕೆ ನಾಲ್ಕು ಸಲ ಕಾಫಿಯೊಡನೆ ಇಳಿಯುವ ಬಿಸ್ಕತ್ತೇ ಹಲ್ಲಿಗೆ ದೊಡ್ಡ ಶತ್ರು. ಸಿಹಿ ತಗುಲಿದ ಪ್ರತಿಸಲವೂ ಬಾಯಿಯ ಸೂಕ್ಷ್ಮಜೀವಿಗಳು ಆಮ್ಲವನ್ನು ಹುಟ್ಟಿಸುತ್ತವೆ; ಅದನ್ನು ಜೊಲ್ಲು ತೊಳೆದು ಸರಿಪಡಿಸಲು ಅರ್ಧ ಗಂಟೆಯಾದರೂ ಬೇಕು. ರಾತ್ರಿ ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಮಲಗುವ ಮುನ್ನ ಫ್ಲೋರೈಡ್ ಪೇಸ್ಟಿನಿಂದ ಉಜ್ಜುವುದು ಬೆಳಗಿನದಕ್ಕಿಂತಲೂ ಮುಖ್ಯವಾದುದು. ಇದ್ದಿಲು, ಇಟ್ಟಿಗೆಪುಡಿಗಳಂಥವು ಹಲ್ಲನ್ನು ಸವೆಯಿಸುತ್ತವೆ. ಹಲ್ಲುಪುಡಿಗೆ ಹೊಗೆಸೊಪ್ಪು ಬೆರೆಸುವುದನ್ನಂತೂ ಸರ್ಕಾರ 1992ರಲ್ಲಿಯೇ ನಿಷೇಧಿಸಿದೆ.

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ನಿವೃತ್ತಿಯ ಇಡಿಗಂಟು ಕೈಸೇರಿದ ದಿನ ಎಷ್ಟು ಮನೆಗಳಲ್ಲಿ ನಿಜವಾಗುತ್ತದೆಯೋ! ಬಡ ವೃದ್ಧರಿಗೆ ಉಚಿತವಾಗಿ ಹಲ್ಲಿನ ಸೆಟ್ ಕೊಡಿಸಲು ಕರ್ನಾಟಕ ಸರ್ಕಾರ 2014-15ರಲ್ಲಿ ‘ದಂತಭಾಗ್ಯ’ ಎಂಬ ಯೋಜನೆಯನ್ನು ತಂದಿತು. ಮಧ್ಯಮವರ್ಗದವರಿಗೆ ಅದು ಒದಗದಿದ್ದರೂ ದಂತಕಾಲೇಜುಗಳ ಬಾಗಿಲು ತೆರೆದೇ ಇದೆ. ಬೆಂಗಳೂರಿನಲ್ಲಿ 1958ರಲ್ಲಿ ಸ್ಥಾಪಿತವಾದ ಸರ್ಕಾರಿ ದಂತಕಾಲೇಜಿದೆ; ಮಣಿಪಾಲ, ಧಾರವಾಡ, ದಾವಣಗೆರೆಗಳಲ್ಲಿಯೂ ಕಾಲೇಜುಗಳಿವೆ. ಇಂಥಲ್ಲಿ ವಿದ್ಯಾರ್ಥಿಗಳು ಗುರುಗಳ ಕಣ್ಣೆದುರಿನಲ್ಲಿ ಚಿಕಿತ್ಸೆ ಮಾಡುತ್ತಾರೆ. ಹೊತ್ತು ಹೆಚ್ಚು ಹಿಡಿಯುತ್ತದೆ, ಹಣ ಕಡಿಮೆ ಹಿಡಿಯುತ್ತದೆ.

ಮನೆಯಲ್ಲಿ ಆರು ವರ್ಷದ ಮಗುವಿದ್ದರೆ ಅದರ ಬಾಯನ್ನೊಮ್ಮೆ ಬೆಳಕಿನಲ್ಲಿ ನೋಡುವುದು ಒಳ್ಳೆಯದು. ಬಿದ್ದ ಹಾಲುಹಲ್ಲನ್ನು ಸಗಣಿಯುಂಡೆಯಲ್ಲಿಟ್ಟು ಮಾಡಿನ ಮೇಲೆಸೆಯುವ ಸಡಗರದಲ್ಲಿ, ಯಾವ ಹಲ್ಲೂ ಬೀಳದೆಯೇ ಹಾಲುಹಲ್ಲುಗಳ ಸಾಲಿನ ಹಿಂದೆ ಹೊಸದಾಗಿ ಮೂಡಿದ ದವಡೆಹಲ್ಲು ಯಾರ ಗಮನಕ್ಕೂ ಬಂದಿರುವುದಿಲ್ಲ. ಅದನ್ನೂ ಹಾಲುಹಲ್ಲೆಂದೇ ಬಗೆದು ಹುಳುಕಾದರೂ ಸುಮ್ಮನಿರುವ ತಂದೆತಾಯಿಗಳೇ ಹೆಚ್ಚು. ವಾಸ್ತವದಲ್ಲಿ ಅದು ಶಾಶ್ವತ ಹಲ್ಲು, ಇನ್ನೊಮ್ಮೆ ಹುಟ್ಟದು. ಅದರ ನೆತ್ತಿಯ ಸಣ್ಣ ಗೀರುಗಳನ್ನು ಲೇಪನದಿಂದ ಮುಚ್ಚಿಸಲು ಸೂಜಿ ಬೇಡ, ಕೊರೆಯುವುದೂ ಬೇಡ. ಮಗು ಬಾಯಿ ತೆರೆದು ಕೆಲವು ನಿಮಿಷ ಕುಳಿತರೆ ಸಾಕು.