ಒಂದೇ ವಠಾರ, ಒಂದೇ ಹೆಬ್ಬಾಗಿಲು (ಭಾಗ 4)

ಚಾಮರಾಜಪೇಟೆ, ಬಸವನಗುಡಿಯ ಹಳೇ ವಠಾರ ನೋಡಿದೀರಲ್ಲ? ಮನೆ ಹತ್ತು, ಹೆಬ್ಬಾಗಿಲು ಒಂದೇ. 2010ರ 3.0 ಆವೃತ್ತಿಯಿಂದ ವರ್ಡ್‌ಪ್ರೆಸ್ ಒಳಗೇ ಇರೋ ಮಲ್ಟಿಸೈಟೂ ಹಾಗೇ. ಡಿಪಾರ್ಟ್‌ಮೆಂಟ್, ಕ್ಲಬ್, ಫೆಸ್ಟ್ ಸೈಟುಗಳು ಬೇರೆ ಬೇರೆ ಕಂಡರೂ ಪ್ಲಗಿನ್ ಫೈಲು, ಯೂಸರ್ ಪಟ್ಟಿ, ಡೇಟಾಬೇಸ್ ಎಲ್ಲಾ ಒಂದೇ.

ಹಳೇ ಫೆಸ್ಟ್‌ಗೆ ಹಾಕಿದ ಫಾರ್ಮ್ ಪ್ಲಗಿನ್ ಅಪ್‌ಡೇಟ್ ಆಗದೆ ಬಿದ್ದಿದ್ರೆ, ಕಳ್ಳ ಅಲ್ಲಿಂದ ನುಗ್ಗಿ ಈ ವರ್ಷ ರಿಜಿಸ್ಟರ್ ಆದೋರ ಫೋನ್ ನಂಬರ್‌ವರೆಗೂ ಹೋಗಬಹುದು.

ನನ್ನ ಮಾತು ಇಷ್ಟೇ. ಸೂಪರ್ ಅಡ್ಮಿನ್ ಇಬ್ಬರೇ ಸಾಕು, ಟೂ-ಫ್ಯಾಕ್ಟರ್ ಕಡ್ಡಾಯ. ಪಾಸಾಗಿ ಹೋದ ಸೀನಿಯರ್ಸ್ ಅಕೌಂಟ್ ಅದೇ ವಾರ ತೆಗೀರಿ. ಬೇಡದ ಪ್ಲಗಿನ್ನ ಡಿಆಕ್ಟಿವೇಟ್ ಮಾಡಿದ್ರೆ ಸಾಲದು, ಫೈಲು ಸರ್ವರ್‌ನಲ್ಲೇ ಇರತ್ತೆ, ಪೂರ್ತಿ ಅಳಿಸಿ. ಸೀನಿಯರ್ಸ್‌ಗೆ ಬೇಜಾರಾಗತ್ತೆ ಅಂತ ಸುಮ್ಮನಿದ್ರೆ, ಜೂನಿಯರ್ಸ್ ನಂಬರ್ ಬೀದಿಗೆ ಬರತ್ತೆ.