ಸ್ಟಿಯರಿಂಗ್ ಬದಲಾವಣೆ: ಅಂದ ಯಾರಿಗೆ, ಹೊಣೆ ಯಾರಿಗೆ?

ರಜೆ ಬಂತೆಂದರೆ ನಮ್ಮ ಕಾಸರಗೋಡು ಜಿಲ್ಲೆಯಿಂದ ಮೈಸೂರು, ಗುಂಡ್ಲುಪೇಟೆ, ಬಂಡೀಪುರದ ದಾರಿಯಾಗಿ ಉದಕಮಂಡಲಕ್ಕೆ ಹೊರಡುವ ಕಾರುಗಳು ಕಡಿಮೆಯೇನಲ್ಲ. ಹಿರಿಯರು, ಹೆಂಗಸರು, ಮಕ್ಕಳು ಎಲ್ಲರೂ ಒಂದೇ ಕಾರಿನಲ್ಲಿ ತುಂಬಿಕೊಂಡು ಹೋಗುವುದು ನಮ್ಮ ಕುಟುಂಬಗಳ ವಾಡಿಕೆ. ಇತ್ತ ನಮ್ಮ ಯುವಕರಲ್ಲಿ ಇನ್ನೊಂದು ಹವ್ಯಾಸ ಹಬ್ಬುತ್ತಿರುವುದೂ ಕಂಡುಬರುತ್ತದೆ. ಕಂಪೆನಿ ಕೊಟ್ಟ ಸ್ಟಿಯರಿಂಗ್ ಚಕ್ರವನ್ನು ಕಳಚಿ, ಅದರ ಸ್ಥಾನದಲ್ಲಿ ಪೇಟೆಯಲ್ಲಿ ಸಿಗುವ ಚಿಕ್ಕ ಗಾತ್ರದ, ಓಟದ ಕಾರಿನ ಮಾದರಿಯ ಚಕ್ರವನ್ನು ಜೋಡಿಸುವುದು. ನೋಡಲು ಇದು ಸೀಟಿನ ಹೊದಿಕೆ ಬದಲಿಸಿದಷ್ಟೇ ಸುಲಭವಾದ ಕೆಲಸ. ಆದರೆ ಇದರ ಪರಿಣಾಮ ಅಷ್ಟು ಸರಳವಲ್ಲ ಎಂಬುದನ್ನು ಘಟ್ಟದ ರಸ್ತೆಯೂ ವಿಮೆಯ ಕಾಗದವೂ ಒಟ್ಟಿಗೆ ತಿಳಿಸಿಕೊಡುತ್ತವೆ.

ಮೊದಲು ರಸ್ತೆಯ ವಿಚಾರ. ಬಂಡೀಪುರ ದಾಟಿ ತೆಪ್ಪಕಾಡಿಗೆ ಬಂದ ಮೇಲೆ ಉದಕಮಂಡಲಕ್ಕೆ ಎರಡು ದಾರಿಗಳಿವೆ. ಗೂಡಲೂರಿನ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 181 ಸುತ್ತಿನದು. ಮಸಿನಗುಡಿ, ಕಲ್ಹಟ್ಟಿ ಮೂಲಕದ್ದು ಹತ್ತಿರದ್ದು, ಆದರೆ ಬಹಳ ಕಡಿದಾದದ್ದು. ಉದಕಮಂಡಲ ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದ್ದರೆ ಮಸಿನಗುಡಿ ಸುಮಾರು ಸಾವಿರ ಮೀಟರಿನಲ್ಲಿದೆ. ಈ ಅಂತರವನ್ನು ಕಲ್ಹಟ್ಟಿ ರಸ್ತೆ 36 ಹೇರ್‌ಪಿನ್ ತಿರುವುಗಳಲ್ಲಿ ಇಳಿಯುತ್ತದೆ. 2018ರ ಅಕ್ಟೋಬರಿನಲ್ಲಿ ಚೆನ್ನೈಯಿಂದ ಬಂದಿದ್ದ ಏಳು ಮಂದಿಯ ಕಾರು ಇಲ್ಲಿ ಕಂದಕಕ್ಕೆ ಉರುಳಿತು. ಐವರು ತೀರಿಕೊಂಡರು. ಉಳಿದ ಇಬ್ಬರನ್ನು ಹುಡುಕಿ ತೆಗೆಯುವಷ್ಟರಲ್ಲಿ ಎರಡು ದಿನಗಳೇ ಕಳೆದಿದ್ದವು. ಆ ಬಳಿಕ ಹೊರಗಿನ ವಾಹನಗಳು ಈ ದಾರಿಯಲ್ಲಿ ಇಳಿಯುವುದಕ್ಕೆ ತಡೆ ಬಂತು. ಆ ದುರಂತಕ್ಕೂ ಸ್ಟಿಯರಿಂಗಿಗೂ ಸಂಬಂಧ ಕಲ್ಪಿಸುವುದು ನಮ್ಮ ಉದ್ದೇಶವಲ್ಲ. ಬಯಲಿನಲ್ಲಿ ಓಡಿಸಿ ಅಭ್ಯಾಸವಾದವರಿಗೆ ನೀಲಗಿರಿಯ ರಸ್ತೆ ಎಂಥದೆಂಬುದನ್ನು ನೆನಪಿಸುವುದಷ್ಟೇ ಉದ್ದೇಶ.

ಇಂಥ ತಿರುವುಗಳಲ್ಲಿ ಸ್ಟಿಯರಿಂಗ್ ಚಕ್ರದ ಗಾತ್ರಕ್ಕೆ ಬೆಲೆ ಬರುತ್ತದೆ. ಚಕ್ರವೂ ಸನ್ನೆಗೋಲಿನಂತೆಯೇ, ಅದು ದೊಡ್ಡದಾದಷ್ಟೂ ಕೈಯ ಶ್ರಮ ಕಡಿಮೆ. 38 ಸೆಂಟಿಮೀಟರ್ ವ್ಯಾಸದ ಚಕ್ರ ತೆಗೆದು 32 ಸೆಂಟಿಮೀಟರಿನದನ್ನು ಹಾಕಿದರೆ ಅದೇ ತಿರುವಿಗೆ ಐದರಲ್ಲೊಂದು ಪಾಲಿನಷ್ಟು ಹೆಚ್ಚು ಬಲ ಬೇಕಾಗುತ್ತದೆ. ಪವರ್ ಸ್ಟಿಯರಿಂಗ್ ಇದೆಯಲ್ಲ ಎನ್ನಬಹುದು. ಆದರೆ ಇಂಧನ ಉಳಿಸುವ ಆಸೆಯಿಂದ ಎಂಜಿನ್ ನಿಲ್ಲಿಸಿ ಘಟ್ಟ ಇಳಿಯುವ ದುರಭ್ಯಾಸ ಪೂರ್ತಿ ಮಾಯವಾಗಿಲ್ಲ. ಎಂಜಿನ್ ನಿಂತರೆ ಆ ಸಹಾಯವೂ ನಿಂತೀತು. ಹೊಸ ಚಕ್ರವನ್ನು ಹಳೆಯ ದಂಡಕ್ಕೆ ಕೂರಿಸಲು ನಡುವೆ ಒಂದು ಜೋಡಣೆಯ ತುಂಡು ಬೇಕು. ಅದರ ಒಳಹಲ್ಲುಗಳು ದಂಡದ ಹಲ್ಲುಗಳಿಗೆ ಸರಿಯಾಗಿ ಕೂಡದಿದ್ದರೆ, ಅಥವಾ ನಟ್ಟನ್ನು ನಿಗದಿಯಾದ ಬಿಗಿಗೆ ತಿರುಗಿಸದಿದ್ದರೆ, ಚಕ್ರ ಕೈಯಲ್ಲಿ ತಿರುಗಿದರೂ ಗಾಲಿ ತಿರುಗದಿರುವ ಪ್ರಸಂಗ ಬರಬಹುದು. ಹಾರ್ನಿನ ತಂತಿಯೂ ಇದೇ ಜಾಗದಲ್ಲಿ ಹಾದುಹೋಗುತ್ತದೆ. ಎದುರಿನ ವಾಹನ ಕಾಣದ ತಿರುವಿನಲ್ಲಿ ಹಾರ್ನ್ ಕೆಲಸ ಮಾಡದಿದ್ದರೆ ಏನಾದೀತೆಂದು ವಿವರಿಸಬೇಕಾಗಿಲ್ಲ.

ಇನ್ನು ಏರ್ ಬ್ಯಾಗ್. 2019ರ ಜುಲೈ 1ರಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಚಾಲಕನ ಏರ್ ಬ್ಯಾಗ್ ಕಡ್ಡಾಯವಾಗಿದೆ. ಈ ಗಾಳಿಚೀಲ ಇರುವುದು ಸ್ಟಿಯರಿಂಗ್ ಚಕ್ರದ ಮಧ್ಯದಲ್ಲಿಯೇ. ಡಿಕ್ಕಿಯಾದಾಗ ಕಣ್ಣು ಮಿಟುಕಿಸುವುದರೊಳಗೆ ಅದು ಉಬ್ಬಿ ಚಾಲಕನ ತಲೆ, ಎದೆಗಳನ್ನು ಕಾಪಾಡುತ್ತದೆ. ಪೇಟೆಯ ಚಕ್ರವನ್ನು ಹಾಕಿದವರು ಈ ರಕ್ಷಣೆಯನ್ನು ಕಳಚಿ ಅಂಗಡಿಯ ಮೂಲೆಗೆ ಎಸೆದಂತೆಯೇ. ಇಷ್ಟೇ ಆಗಿದ್ದರೆ ಎಚ್ಚರಿಕೆಯ ದೀಪವಾದರೂ ಉರಿದು ನೆನಪಿಸುತ್ತಿತ್ತು. ಆದರೆ ಒಂದು ಸಣ್ಣ ವಿದ್ಯುತ್ ರೋಧಕವನ್ನು ತಂತಿಗೆ ಸೇರಿಸಿ ಆ ದೀಪವನ್ನೂ ಆರಿಸಿಕೊಡುವವರಿದ್ದಾರೆ. ಇದು ಜ್ವರ ಇಳಿಸುವ ಬದಲು ಥರ್ಮಾಮೀಟರನ್ನು ಒಡೆದು ಹಾಕಿದಂತೆ. ಕೆಲವು ಕಾರುಗಳಲ್ಲಿ ಈ ವ್ಯವಸ್ಥೆಯ ಒಂದು ಕೊಂಡಿ ತಪ್ಪಿದರೆ ಸೀಟ್ ಬೆಲ್ಟನ್ನು ಬಿಗಿಗೊಳಿಸುವ ಸಾಧನವೂ ನಿಷ್ಕ್ರಿಯವಾಗಬಹುದು. ಗುಜರಿಯಿಂದ ಹಳೆಯ ಏರ್ ಬ್ಯಾಗ್ ತಂದು ಜೋಡಿಸುವುದೂ ಪರಿಹಾರವಲ್ಲ. ಜಪಾನಿನ ಟಕಾಟ ಕಂಪೆನಿಯ ಏರ್ ಬ್ಯಾಗುಗಳು ಹಳತಾದಂತೆ ಸಿಡಿದು ಲೋಹದ ಚೂರುಗಳನ್ನು ಎಸೆದು ಜನರನ್ನು ಕೊಂದದ್ದೂ, ಲೋಕದಾದ್ಯಂತ ಕೋಟಿಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಗಿ ಬಂದದ್ದೂ, 2017ರಲ್ಲಿ ಆ ಕಂಪೆನಿ ದಿವಾಳಿಯಾದದ್ದೂ ಈಚಿನ ಇತಿಹಾಸ.

ಕಾನೂನು ಏನು ಹೇಳುತ್ತದೆ? 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ನಿಗದಿಗೊಳಿಸಿದ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. ಈ ವಿಚಾರದಲ್ಲಿ ಸುಪ್ರೀಂ ಕೋರ್ಟು 2019ರ ಜನವರಿ 9ರಂದು ಕೊಟ್ಟ ಮುಖ್ಯ ತೀರ್ಪು ನಮ್ಮ ಕೇರಳದಿಂದಲೇ ಹೋದ ಮೊಕದ್ದಮೆಯದು ಎಂಬುದು ಗಮನಾರ್ಹ. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಬಿಡಿಭಾಗ ಜೋಡಿಸಿ ವಾಹನ ಮಾರ್ಪಡಿಸಿದ ಮಾಲಿಕನಿಗೆ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಆರು ತಿಂಗಳ ತನಕ ಸಜೆ, ಅಥವಾ ಎರಡನ್ನೂ ವಿಧಿಸಬಹುದು. ನೋಂದಣಿ ಪತ್ರದಲ್ಲಿ ಸ್ಟಿಯರಿಂಗ್ ಚಕ್ರದ ಹೆಸರೇ ಇಲ್ಲವಲ್ಲ ಎಂದು ವಾದಿಸುವವರಿದ್ದಾರೆ. ವಾದಕ್ಕೆ ಎಡೆಯಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಕಡ್ಡಾಯವಾದ ಏರ್ ಬ್ಯಾಗನ್ನೇ ಕಿತ್ತುಹಾಕಿದ ಮೇಲೆ ಆ ವಾದಕ್ಕೆ ಎಷ್ಟು ಬಲ ಉಳಿದೀತು?

ವಿಮೆಯ ವಿಚಾರದಲ್ಲಿ ನಮ್ಮವರಿಗೆ ಎರಡು ಬಗೆಯ ತಪ್ಪು ತಿಳುವಳಿಕೆಗಳಿವೆ. ಏನು ಬದಲಿಸಿದರೂ ವಿಮೆ ಇದ್ದೇ ಇದೆ ಎಂಬುದು ಒಂದು. ಏನಾದರೂ ಬದಲಿಸಿದರೆ ವಿಮೆಯೇ ರದ್ದು ಎಂಬುದು ಇನ್ನೊಂದು. ಎರಡೂ ಸರಿಯಲ್ಲ. ನಮ್ಮ ಕಾರು ಬಡಿದು ಗಾಯಗೊಂಡ ದಾರಿಹೋಕನಿಗೆ ಸಿಗುವ ಪರಿಹಾರ ಕಾನೂನಿನ ಕಡ್ಡಾಯದ್ದು. ಅದನ್ನು ನಿರಾಕರಿಸಲು ವಿಮಾ ಕಂಪೆನಿಗಿರುವ ಕಾರಣಗಳನ್ನು ಕಾಯಿದೆಯೇ ಎಣಿಸಿ ಮಿತಗೊಳಿಸಿದೆ. ಆದರೆ ನಮ್ಮದೇ ಕಾರಿನ ನಷ್ಟ ಒಪ್ಪಂದದ ವಿಷಯ. ವಾಹನವನ್ನು ಸುಸ್ಥಿತಿಯಲ್ಲಿಡಲು ಮಾಲಿಕನು ಸಾಧ್ಯವಾದ ಎಲ್ಲ ಎಚ್ಚರ ವಹಿಸಬೇಕೆಂಬ ಷರತ್ತು ಪಾಲಿಸಿಯಲ್ಲಿದೆ. ಅಪಘಾತದ ಬಳಿಕ ಬರುವ ಸರ್ವೇಯರು ಚಕ್ರ ಬದಲಾದದ್ದನ್ನೂ ಏರ್ ಬ್ಯಾಗ್ ಇಲ್ಲದ್ದನ್ನೂ ಬರೆದುಕೊಂಡರೆ, ಕಂಪೆನಿ ಆ ಷರತ್ತನ್ನು ಮುಂದಿಟ್ಟು ಹಣ ಕಡಿತಗೊಳಿಸಲೂಬಹುದು, ನಿರಾಕರಿಸಲೂಬಹುದು. ಖಾಸಗಿ ಕಾರನ್ನು ಬಾಡಿಗೆಗೆ ಬಳಸಿದ ಒಂದು ಪ್ರಕರಣದಲ್ಲಿ, ಷರತ್ತು ಮುರಿದ ಮಾತ್ರಕ್ಕೆ ಕ್ಲೇಮನ್ನು ಪೂರ್ತಿ ತಳ್ಳಿಹಾಕುವುದು ಸರಿಯಲ್ಲವೆಂದು ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದ್ದುಂಟು. ಆದರೆ ಅಂಥ ನ್ಯಾಯ ಪಡೆಯಲು ಸಾಮಾನ್ಯ ಕುಟುಂಬವೊಂದು ಎಷ್ಟು ವರ್ಷ ಅಲೆಯಬೇಕು?

ಇಲ್ಲಿ ನಮ್ಮಂಥ ಭಾಷಾ ಅಲ್ಪಸಂಖ್ಯಾತರ ಕಷ್ಟ ಇನ್ನೊಂದು ಪಟ್ಟು ಹೆಚ್ಚು. ಪಾಲಿಸಿ ಇಂಗ್ಲಿಷಿನಲ್ಲಿ, ಕಚೇರಿಯ ಮಾತು ಮಲಯಾಳದಲ್ಲಿ, ಅಪಘಾತ ನೀಲಗಿರಿಯಲ್ಲಾದರೆ ಪೋಲೀಸ್ ದಾಖಲೆ ತಮಿಳಿನಲ್ಲಿ. ಕನ್ನಡ ಬಲ್ಲ ಹಿರಿಯರು ಏಜೆಂಟನು ಬೆರಳು ತೋರಿಸಿದ ಕಡೆ ಸಹಿ ಹಾಕಿ ಸುಮ್ಮನಾಗುತ್ತಾರೆ. ಮಂಗಳೂರಿನಿಂದ ಹಳೆಯ ಕಾರು ಕೊಳ್ಳುವವರು ಹಿಂದಿನ ಮಾಲಿಕ ಮಾಡಿಟ್ಟ ಬದಲಾವಣೆಯನ್ನೂ ಹಣ ಕೊಟ್ಟು ಕೊಳ್ಳುತ್ತಾರೆ. ತೊಂದರೆ ಬಂದಾಗ ಹೊಣೆ ಮಾತ್ರ ಹೊಸ ಮಾಲಿಕನದು.

ಹಾಗಾದರೆ ಮಾಡತಕ್ಕದ್ದೇನು? ಏರ್ ಬ್ಯಾಗ್ ಇರುವ ಕಾರಿನ ಚಕ್ರವನ್ನು ಅಂದಕ್ಕಾಗಿ ಮುಟ್ಟಲೇಬಾರದು. ಹಿಡಿತಕ್ಕೆಂದು ಹೊದಿಕೆ ಹಾಕುವುದಿದ್ದರೆ ಜಾರದ, ಬಿಗಿಯಾಗಿ ಹೊಲಿದ ಹೊದಿಕೆ ಇರಲಿ. ಮಸಿನಗುಡಿ, ಗೂಡಲೂರುಗಳಲ್ಲಿ ಓಡುವಂಥ ಏರ್ ಬ್ಯಾಗ್ ಇಲ್ಲದ ಹಳೆಯ ಜೀಪುಗಳಲ್ಲಿ ಚಕ್ರ ಸವೆದಿದ್ದರೆ ಅದೇ ಗಾತ್ರದ ಕಂಪೆನಿಯ ಭಾಗವನ್ನೇ ಹಾಕಿಸಿ ರಶೀದಿ ಇಟ್ಟುಕೊಳ್ಳಬೇಕು. ಹಳೆಯ ಕಾರು ಕೊಳ್ಳುವವರು ಕೀಲಿ ತಿರುಗಿಸಿದಾಗ ಏರ್ ಬ್ಯಾಗಿನ ದೀಪ ಒಮ್ಮೆ ಉರಿದು ಆರುತ್ತದೆಯೇ ಎಂದು ನೋಡಬೇಕು. ದೀಪ ಆರಿದ ಮಾತ್ರಕ್ಕೆ ತೃಪ್ತರಾಗದೆ, ಅಧಿಕೃತ ಕಾರ್ಯಾಗಾರದಲ್ಲಿ ಒಮ್ಮೆ ಪರೀಕ್ಷಿಸಬೇಕು. ಯಾವ ಬದಲಾವಣೆ ಇದ್ದರೂ ವಿಮಾ ಕಂಪೆನಿಗೆ ಬರವಣಿಗೆಯಲ್ಲಿ ತಿಳಿಸಿ, ಉತ್ತರವನ್ನೂ ಬರವಣಿಗೆಯಲ್ಲಿಯೇ ಪಡೆಯಬೇಕು. ಏಜೆಂಟನ ಬಾಯಿಮಾತು ನಾಳೆ ಸಾಕ್ಷಿಯಾಗದು. ಕ್ಲೇಮು ಅನ್ಯಾಯವಾಗಿ ತಿರಸ್ಕೃತವಾದರೆ, ಮೊದಲು ಕಂಪೆನಿಗೇ ದೂರು ಕೊಟ್ಟು, ಬಳಿಕ ವಿಮಾ ಓಂಬುಡ್ಸ್‌ಮನ್ನರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಕೇರಳದವರಿಗೆ ಆ ಕಚೇರಿ ಕೊಚ್ಚಿಯಲ್ಲಿದೆ, ನೀಲಗಿರಿಯವರಿಗೆ ಚೆನ್ನೈಯಲ್ಲಿದೆ.

ಯುವಕರ ಉತ್ಸಾಹಕ್ಕೆ ತಣ್ಣೀರೆರಚುವುದು ನಮ್ಮ ಇಚ್ಛೆಯಲ್ಲ. ಕಾರಿನ ಬಣ್ಣ, ಸಂಗೀತ, ಸೀಟುಗಳ ವಿಷಯದಲ್ಲಿ ನಿಯಮದೊಳಗೆ ಅವರ ಅಭಿರುಚಿಗೆ ಅವಕಾಶ ಬೇಕಷ್ಟಿದೆ. ಆದರೆ ಹಿಂದಿನ ಸೀಟಿನಲ್ಲಿ ಅಜ್ಜಿಯೂ ಮೊಮ್ಮಕ್ಕಳೂ ನಿಶ್ಚಿಂತೆಯಿಂದ ನಿದ್ದೆ ಹೋಗಿರುವುದು ಮುಂದೆ ಕುಳಿತವನ ಕೈಯನ್ನು ನಂಬಿ. ಆ ಕೈ ಹಿಡಿದಿರುವ ಚಕ್ರ ನಂಬಿಕೆಗೆ ಯೋಗ್ಯವಾದದ್ದೇ ಆಗಿರಬೇಕು ಎಂಬುದಷ್ಟೇ ನಮ್ಮ ಕೋರಿಕೆ.