ಹಡಗಿಗೆ ವೆಲ್ಡಿಂಗ್ ಮಾಡೋಕೂ ರೋಬೋ: ಮಲೆನಾಡಿನ ಐಟಿಐ ಹುಡುಗರ ಮೊದಲ ಕೆಲಸಕ್ಕೆ ಕುತ್ತು?

ಕೊಪ್ಪ: ಯಂತ್ರ ಬಂದರೆ ಕೆಲಸ ಏನಾಗುತ್ತದೆ ಅನ್ನೋದನ್ನು ಭಂಡಿಗಡಿ ಸುತ್ತಿನ ಅಡಿಕೆ ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದು ಕಾಲಕ್ಕೆ ಕೊನೆಕೊಯ್ಲು ಶುರುವಾಯಿತೆಂದರೆ ಅಂಗಳದಲ್ಲಿ ಮೆಟ್ಟುಗತ್ತಿ ಮುಂದೆ ಸಾಲಾಗಿ ಕೂತು ರಾತ್ರಿವರೆಗೂ ಅಡಿಕೆ ಸುಲಿಯುತ್ತಿದ್ದರು. ಈಗ ಆ ಕೆಲಸದ ದೊಡ್ಡ ಪಾಲನ್ನು ಸುಲಿಯುವ ಯಂತ್ರವೇ ಮಾಡುತ್ತದೆ. ಆದರೆ ಬೇಯಿಸುವ ಹದ ನೋಡೋದು, ಒಣಗಿದ ಮೇಲೆ ಆಯ್ದು ಬೇರೆ ಮಾಡೋದು ಇವತ್ತಿಗೂ ಮನುಷ್ಯರ ಕೆಲಸವೇ. ಯಂತ್ರ ಎಲ್ಲ ಕೆಲಸವನ್ನೂ ಕಿತ್ತುಕೊಳ್ಳಲಿಲ್ಲ. ಯಾರು ಬೇಕಾದರೂ ಕೂತು ಕಲಿಯಬಹುದಾಗಿದ್ದ ಕೆಲಸವನ್ನು ಮೊದಲು ತೆಗೆದುಕೊಂಡಿತು.

ಇದೇ ಮಾತು ಈಗ ಹಡಗು ಕಟ್ಟುವ ಉದ್ಯಮಕ್ಕೂ ಬರುತ್ತಿದೆ. ಅದು ಇಲ್ಲಿಗೆ ದೂರದ ಸಂಗತಿಯೂ ಅಲ್ಲ. ಆಗುಂಬೆ ಘಾಟಿ ಇಳಿದು ಹೆಬ್ರಿ, ಉಡುಪಿ ದಾಟಿದರೆ ಮಲ್ಪೆ.

ಮಲ್ಪೆಯಲ್ಲಿ ಏನು ನಡೀತಿದೆ?

ಮಲ್ಪೆಯಲ್ಲಿದ್ದ ಟೆಬ್ಮಾ ಶಿಪ್‌ಯಾರ್ಡ್ ಸಾಲದಲ್ಲಿ ಮುಳುಗಿದಾಗ 2020ರಲ್ಲಿ ಸರ್ಕಾರಿ ಸ್ವಾಮ್ಯದ ಕೊಚ್ಚಿನ್ ಶಿಪ್‌ಯಾರ್ಡ್ ಅದನ್ನು ವಹಿಸಿಕೊಂಡಿತು. 2022ರಲ್ಲಿ ಅದಕ್ಕೆ ಉಡುಪಿ ಕೊಚ್ಚಿನ್ ಶಿಪ್‌ಯಾರ್ಡ್ ಎಂದು ಹೆಸರಾಯಿತು. ಟಗ್‌ಗಳನ್ನು ಕಟ್ಟುತ್ತಿರುವ ಈ ಯಾರ್ಡ್‌ಗೆ 2023ರಲ್ಲಿ ನಾರ್ವೆಯ ವಿಲ್ಸನ್ ಕಂಪನಿಯಿಂದ ತಲಾ 3,800 ಟನ್ ಹೊರುವ ಆರು ಸರಕು ಹಡಗುಗಳ ಆರ್ಡರ್ ಸಿಕ್ಕಿತು. ಮರುವರ್ಷ ಅದೇ ಕಂಪನಿ 6,300 ಟನ್‌ನ ಇನ್ನೂ ನಾಲ್ಕು ಹಡಗು ಕೇಳಿತು.

ಇದರಲ್ಲಿ ಗಮನಿಸಬೇಕಾದ ಮಾತು ‘ಆರು’. ಒಂದೇ ನಕ್ಷೆಯ ಆರು ಹಡಗು ಅಂದರೆ ಒಂದೇ ಅಳತೆಯ ತುಂಡುಗಳು ಮತ್ತೆ ಮತ್ತೆ ಬರುತ್ತವೆ. ರೋಬೋಗೆ ಲೆಕ್ಕ ಕೂಡಿಬರೋದು ಅಲ್ಲೇ.

ಕಾರಿಗೆ ಬಂದ ರೋಬೋ ಹಡಗಿಗೆ ಯಾಕೆ ತಡ?

ಅಮೆರಿಕದ ಜನರಲ್ ಮೋಟಾರ್ಸ್ ಕಾರ್ಖಾನೆಗೆ ಮೊದಲ ಕೈಗಾರಿಕಾ ರೋಬೋ ‘ಯುನಿಮೇಟ್’ ಬಂದಿದ್ದು 1961ರಲ್ಲಿ. ಇವತ್ತು ಕಾರಿನ ಬಾಡಿಯ ವೆಲ್ಡಿಂಗ್ ಹೆಚ್ಚುಕಡಿಮೆ ಪೂರ್ತಿ ರೋಬೋಗಳದ್ದೇ. ಆದರೆ ಹಡಗು, ಸೇತುವೆಯ ಗರ್ಡರ್, ದೊಡ್ಡ ಬಾಯ್ಲರ್‌ಗಳ ವಿಷಯದಲ್ಲಿ ಅರವತ್ತು ವರ್ಷ ಕಳೆದರೂ ಬಹುಪಾಲು ಕೆಲಸ ವೆಲ್ಡರ್ ಕೈಯಲ್ಲೇ ಉಳಿದಿದೆ. ಇದಕ್ಕೆ ಮೂರು ಕಾರಣಗಳಿವೆ.

ಒಂದು, ಕಾರು ರೋಬೋ ಇದ್ದಲ್ಲಿಗೆ ಬರುತ್ತದೆ. ಹಡಗಿನ ವಿಷಯದಲ್ಲಿ ರೋಬೋನೇ ಕೆಲಸ ಇದ್ದಲ್ಲಿಗೆ ಹೋಗಬೇಕು.

ಎರಡು, ಕಬ್ಬಿಣ ಬಿಸಿಯಾದರೆ ಹಿಗ್ಗುತ್ತದೆ, ಆರಿದರೆ ಕುಗ್ಗುತ್ತದೆ. ಹತ್ತು ಮೀಟರ್ ಉದ್ದದ ಪ್ಲೇಟಿಗೆ ವೆಲ್ಡ್ ಹಾಕುತ್ತಾ ಹೋದರೆ ಜೋಡಣೆಯ ಸಂದು ಇಲ್ಲಿ ಎರಡು ಮಿಲಿಮೀಟರ್, ಅಲ್ಲಿ ನಾಲ್ಕು ಮಿಲಿಮೀಟರ್ ಆಗಿಬಿಡಬಹುದು. ಪಳಗಿದ ವೆಲ್ಡರ್ ಕರಗಿದ ಲೋಹ ನೋಡಿಯೇ ಕೈ ನಿಧಾನ ಮಾಡುತ್ತಾನೆ. ಹೇಳಿಕೊಟ್ಟ ದಾರಿಯಲ್ಲಿ ಕಣ್ಣುಮುಚ್ಚಿ ಹೋಗುವ ಹಳೇ ರೋಬೋಗೆ ಅದು ಗೊತ್ತಾಗುತ್ತಿರಲಿಲ್ಲ.

ಮೂರು, ಒಂದೇ ಸಲ ಮಾಡುವ ತುಂಡಿಗೆ ಪ್ರೋಗ್ರಾಂ ಬರೆಯುತ್ತಾ ಕೂತರೆ ಅಷ್ಟರಲ್ಲಿ ವೆಲ್ಡರ್ ಕೆಲಸ ಮುಗಿಸಿ ಟೀ ಕುಡಿದಿರುತ್ತಾನೆ.

ಈಗ ಈ ಮೂರಕ್ಕೂ ದಾರಿ ಸಿಗುತ್ತಿದೆ. ಹಡಗನ್ನು ಚಪ್ಪಟೆ ಪ್ಯಾನೆಲ್‌ಗಳಾಗಿ, ಅವನ್ನು ಸೇರಿಸಿದ ಬ್ಲಾಕ್‌ಗಳಾಗಿ ಶೆಡ್ಡಿನೊಳಗೇ ಮಾಡಿಕೊಂಡು ಆಮೇಲೆ ಜೋಡಿಸುತ್ತಾರೆ. ಪ್ಯಾನೆಲ್ ಮೇಲೆ ಹಳಿಯ ಮೇಲೆ ಓಡುವ ಗ್ಯಾಂಟ್ರಿಗೆ ತೂಗುಬಿಟ್ಟ ರೋಬೋ ವೆಲ್ಡ್ ಹಾಕುತ್ತದೆ. ಟಾರ್ಚ್‌ಗಿಂತ ಒಂಚೂರು ಮುಂದೆ ಲೇಸರ್ ಸಂದನ್ನು ಅಳೆಯುತ್ತದೆ. ಕಂಪ್ಯೂಟರಿನ ನಕ್ಷೆಯಿಂದಲೇ ಪ್ರೋಗ್ರಾಂ ತಯಾರಾಗುತ್ತದೆ. ಹಡಗಿನ ತಳದ ಇಕ್ಕಟ್ಟಾದ ಗೂಡುಗಳಲ್ಲಿ ಹೊಗೆ, ಸೆಕೆಯ ನಡುವೆ ಮನುಷ್ಯ ಬಗ್ಗಿ ಕೂರುವ ಜಾಗಕ್ಕೂ ಎತ್ತಿ ಇಡಬಹುದಾದ ಸಣ್ಣ ರೋಬೋಗಳು ಬಂದಿವೆ.

ಎರಡು ದೇಶ, ಎರಡು ಪಾಠ

ಡೆನ್ಮಾರ್ಕಿನ ಒಡೆನ್ಸೆ ಯಾರ್ಡ್ ವೆಲ್ಡಿಂಗ್ ರೋಬೋಗಳಿಗೆ ಹೆಸರಾಗಿತ್ತು. 2006ರಲ್ಲಿ ‘ಎಮ್ಮಾ ಮೇರ್ಸ್ಕ್’ ಅನ್ನುವ ದೈತ್ಯ ಕಂಟೇನರ್ ಹಡಗು ನೀರಿಗಿಳಿದಿದ್ದು ಅಲ್ಲಿಂದಲೇ. ಆದರೂ ಏಷ್ಯಾದ ಯಾರ್ಡ್‌ಗಳ ದರದ ಮುಂದೆ ನಿಲ್ಲಲಾಗದೆ 2012ರಲ್ಲಿ ಕೊನೇ ಹಡಗು ಕೊಟ್ಟು ಬಾಗಿಲು ಹಾಕಿತು. ರೋಬೋ ಇದ್ದ ಮಾತ್ರಕ್ಕೆ ಕಾರ್ಖಾನೆ ಉಳಿಯುತ್ತದೆ ಅನ್ನೋ ಖಾತ್ರಿ ಇಲ್ಲ.

ದಕ್ಷಿಣ ಕೊರಿಯಾದ ಕಥೆ ಬೇರೆ. ಅಲ್ಲಿ ಆರ್ಡರ್ ತುಂಬಿದೆ, ವೆಲ್ಡರ್‌ಗಳು ಸಿಗುತ್ತಿಲ್ಲ. ಹೊರದೇಶದ ಕಾರ್ಮಿಕರನ್ನು ಕರೆಸಿಕೊಳ್ಳುತ್ತಲೇ ರೋಬೋಗಳನ್ನೂ ಹೆಚ್ಚಿಸುತ್ತಿದ್ದಾರೆ. ಅಲ್ಲಿನ ಎಚ್‌ಡಿ ಹ್ಯುಂಡೈ 2030ರೊಳಗೆ ‘ಸ್ಮಾರ್ಟ್ ಯಾರ್ಡ್’ ಆಗುವ ಗುರಿ ಇಟ್ಟುಕೊಂಡಿದೆ. ಇದೇ ಸಮೂಹದ ಕಂಪನಿಯ ಜೊತೆ ಕೊಚ್ಚಿನ್ ಶಿಪ್‌ಯಾರ್ಡ್ 2025ರ ಜುಲೈನಲ್ಲಿ ಒಡಂಬಡಿಕೆ ಮಾಡಿಕೊಂಡಿದೆ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ ಹಡಗು ನಿರ್ಮಾಣ ಮತ್ತು ಸಾಗರ ವಲಯಕ್ಕೆ ₹69,725 ಕೋಟಿಯ ಪ್ಯಾಕೇಜಿಗೆ ಒಪ್ಪಿಗೆ ಕೊಟ್ಟಿತು. ಜಗತ್ತಿನ ಹಡಗು ನಿರ್ಮಾಣದಲ್ಲಿ ಶೇ 1ರಷ್ಟೂ ಪಾಲಿಲ್ಲದ ದೇಶ ಮೇಲೇರಬೇಕಾದರೆ ಯಾರ್ಡ್‌ಗಳು ಹೆಚ್ಚಬೇಕು, ಜನವೂ ಬೇಕು, ಯಂತ್ರವೂ ಬೇಕು.

ಹಾಗಾದರೆ ಯಾರಿಗೆ ಪೆಟ್ಟು?

ಪಳಗಿದ ವೆಲ್ಡರ್‌ಗೆ ಸದ್ಯಕ್ಕೆ ಭಯವಿಲ್ಲ. ಬ್ಲಾಕ್‌ಗಳನ್ನು ಕೂಡಿಸುವ ಜಾಗ, ತಲೆ ಮೇಲಿನ ವೆಲ್ಡ್, ಪೈಪ್ ಕೆಲಸ, ರಿಪೇರಿ ಇವೆಲ್ಲ ಇನ್ನೂ ಬಹುಕಾಲ ಅವನದ್ದೇ. ಪೆಟ್ಟು ಬೀಳೋದು ಆಗಷ್ಟೇ ಸೇರಿದ ಹುಡುಗನಿಗೆ.

ಊರಿಂದ ಹೋದವನು ಮೊದಲು ಹೆಲ್ಪರ್ ಆಗುತ್ತಾನೆ, ಗ್ರೈಂಡಿಂಗ್ ಹಿಡಿಯುತ್ತಾನೆ, ಆಮೇಲೆ ಚಪ್ಪಟೆ ಪ್ಲೇಟಿನ ಮೇಲೆ ಉದ್ದಕ್ಕೆ ನೇರ ವೆಲ್ಡ್ ಹಾಕಿ ಕೈ ಕೂರಿಸಿಕೊಳ್ಳುತ್ತಾನೆ. ಎರಡು ಮೂರು ವರ್ಷಕ್ಕೆ ಕಷ್ಟದ ಕೆಲಸಕ್ಕೆ ಬಡ್ತಿ. ಆ ನೇರ ವೆಲ್ಡೇ ರೋಬೋಗೆ ಅತಿ ಸುಲಭದ ಕೆಲಸ. ಏಣಿಯ ಮೇಲಿನ ಮೆಟ್ಟಿಲು ಹಾಗೇ ಇರುತ್ತದೆ, ಕೆಳಗಿನ ಮೆಟ್ಟಿಲು ಕಳಚುತ್ತದೆ. ಮಲೆನಾಡಿನಿಂದ ಘಾಟಿ ಇಳಿಯುವ ಹುಡುಗರು ಹತ್ತುತ್ತಿದ್ದಿದ್ದು ಅಲ್ಲಿಂದಲೇ.

ಹಾಗಾಗಿ ಯಾರ್ಡಿನ ನೆಲದಲ್ಲಿ ಕಲಿಯುತ್ತಿದ್ದುದನ್ನು ಇನ್ನು ಮುಂದೆ ಐಟಿಐ ಒಳಗೇ ಕಲಿತು ಹೋಗಬೇಕು. ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ರಾಜ್ಯ ಸರ್ಕಾರ 150 ಸರ್ಕಾರಿ ಐಟಿಐಗಳನ್ನು ₹4,636 ಕೋಟಿ ವೆಚ್ಚದಲ್ಲಿ ಮೇಲ್ದರ್ಜೆಗೇರಿಸಿದ್ದು ಈ ಕಾರಣಕ್ಕೇ. ಕೈಗಾರಿಕಾ ರೋಬೋಟಿಕ್ಸ್ ಅಲ್ಲಿ ಒಂದು ಕೋರ್ಸ್. ಆದರೆ ಯಂತ್ರ ತಂದಿಟ್ಟರೆ ಅರ್ಧ ಕೆಲಸ. ಒಬ್ಬ ವಿದ್ಯಾರ್ಥಿಯ ಕೈಗೆ ಅದು ವಾರಕ್ಕೆ ಎಷ್ಟು ಗಂಟೆ ಸಿಗುತ್ತದೆ ಅನ್ನೋದು ಉಳಿದರ್ಧ.

ಸೇರುವ ಮೊದಲು ಕೇಳಿ

ಎಸ್ಸೆಸ್ಸೆಲ್ಸಿ ಮುಗಿಸಿ ವೆಲ್ಡರ್, ಫಿಟ್ಟರ್ ಟ್ರೇಡಿಗೆ ಅರ್ಜಿ ಹಾಕುವವರು, ಅವರ ಮನೆಯವರು ಸಂಸ್ಥೆಯಲ್ಲಿ ನಾಲ್ಕು ಮಾತು ಕೇಳಿ ತಿಳಿದುಕೊಳ್ಳೋದು ಒಳ್ಳೇದು. ರೋಬೋ ವೆಲ್ಡಿಂಗ್ ಯಂತ್ರ ಇದೆಯಾ, ಅದು ನಡೀತಿದೆಯಾ? ಡ್ರಾಯಿಂಗ್ ಓದೋದು ಗಟ್ಟಿಯಾಗಿ ಕಲಿಸುತ್ತಾರಾ? ವೆಲ್ಡ್‌ನ ಒಳಗಿನ ದೋಷ ಪತ್ತೆ ಮಾಡುವ ಪರೀಕ್ಷೆಗಳ ಪರಿಚಯ ಉಂಟಾ? ಅಪ್ರೆಂಟಿಸ್‌ಗೆ ಯಾವ ಕಾರ್ಖಾನೆಗೆ ಕಳಿಸುತ್ತಾರೆ?

ಹಡಗಿಗೆ ವೆಲ್ಡ್ ಹಾಕಬೇಕಾದರೆ ಐಟಿಐ ಸರ್ಟಿಫಿಕೇಟ್ ಒಂದೇ ಸಾಲದು. ಹಡಗಿಗೆ ದರ್ಜೆ ಕೊಡುವ ಸಂಸ್ಥೆಯ ಮುಂದೆ ತುಂಡು ವೆಲ್ಡ್ ಮಾಡಿ ತೋರಿಸಿ ಪಾಸಾಗಬೇಕು. ರೋಬೋ ಹಾಕಿದ ವೆಲ್ಡಿಗೂ ತಪಾಸಣೆ ತಪ್ಪಿದ್ದಲ್ಲ. ಅದು ಸರಿ ಇದೆಯೋ ಇಲ್ಲವೋ ನೋಡಿ ಹೇಳುವವನಿಗೆ ವೆಲ್ಡಿಂಗ್ ಗೊತ್ತಿರಲೇಬೇಕು. ಘಾಟಿಯ ಕೆಳಗೆ ಇನ್ನು ಮುಂದೆ ಬೇಡಿಕೆ ಇರೋದು ಅಂಥವರಿಗೆ.